ವಿದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ: ಗಡಿಭಾಗದ ಮನೆಯವರು ಮೊದಲು ನೋಡಬೇಕಾದ ಕಾಗದಪತ್ರ



ಸಂಘಕ್ಕೆ ಬರುವ ಫೋನುಗಳ ವಿಷಯ ಇತ್ತೀಚೆಗೆ ಬದಲಾಗಿದೆ. ಮೊದಲೆಲ್ಲ ಕನ್ನಡ ಶಾಲೆಗೆ ಪುಸ್ತಕ ಬಂದಿಲ್ಲ, ಶಿಕ್ಷಕರ ಜಾಗ ಖಾಲಿ ಇದೆ, ರಾಜ್ಯೋತ್ಸವಕ್ಕೆ ಯಾರನ್ನು ಕರೆಸೋಣ ಎಂಬ ಮಾತುಗಳೇ ಹೆಚ್ಚು. ಈಗ ಮಾರ್ಚಿನಿಂದ ಆಗಸ್ಟಿನವರೆಗೆ ಹೀಗೂ ಕೇಳುತ್ತಾರೆ: "ಸರ್ರ, ಮಗಳಿಗೆ ಇಂಗ್ಲೆಂಡದಾಗ ಸೀಟು ಸಿಕ್ಕೈತ್ರಿ. ಆದ್ರ ಕಾಗದದಾಗ ಏನೋ ತಕರಾರು ತಗದಾರ. ಏನ್ ಮಾಡೂಣು?"

ಇಚಲಕರಂಜಿ ಕಡೆಯ ನಮ್ಮ ಸದಸ್ಯರೊಬ್ಬರಿಗೆ ಮಗ್ಗದ ಉದ್ಯೋಗ. ಮಗಳು ಇಂಜಿನಿಯರಿಂಗ್ ಮುಗಿಸಿದವಳು, ಅಂಕ ಚೆನ್ನಾಗಿದ್ದವು. ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಿಂದ ಮಾರ್ಚಿನಲ್ಲೇ ಪ್ರವೇಶಪತ್ರ ಬಂತು, ಮುಂಗಡವನ್ನೂ ಕಟ್ಟಿದರು. ಜುಲೈದಲ್ಲಿ ವೀಸಾಕ್ಕೆ ಕೂತಾಗ ಗೊತ್ತಾಯಿತು, ದುಡ್ಡೆಲ್ಲ ಪತಸಂಸ್ಥೆಯ ಠೇವಣಿಯಲ್ಲಿದೆ, ಅದು ನಡೆಯುವುದಿಲ್ಲ. ಅದನ್ನು ಬ್ಯಾಂಕಿಗೆ ತಂದರು. ಖಾತೆ ತಂದೆಯದು, ಆದ್ದರಿಂದ ತಂದೆ-ಮಗಳ ಸಂಬಂಧ ತೋರಿಸಲು ಜನ್ಮ ಪ್ರಮಾಣಪತ್ರ ಬೇಕು. ಮಗು ಹುಟ್ಟಿದ್ದು ತಾಯಿಯ ತವರಿನಲ್ಲಿ, ಚಿಕ್ಕೋಡಿ ತಾಲೂಕಿನ ಹಳ್ಳಿಯಲ್ಲಿ. ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ತಾಯಿಯ ಹೆಸರು ಅಲ್ಲಿ ಗಂಗವ್ವ, ಇಲ್ಲಿಯ ಎಲ್ಲ ಕಾಗದದಲ್ಲಿ ಗಂಗೂಬಾಯಿ. ಇದನ್ನೆಲ್ಲ ಸರಿಪಡಿಸುವಷ್ಟರಲ್ಲಿ ಸಪ್ಟೆಂಬರ ದಾಟಿತು, ತರಗತಿ ಶುರುವಾದವು. ಹುಡುಗಿ ಮುಂದಿನ ವರ್ಷ ಹೋದಳು, ಅದು ಬೇರೆ ಮಾತು. ಒಂದು ವರ್ಷ ಮನೆಯಲ್ಲಿ ಕೂತು ಬಂದವರಿಗೆಲ್ಲ "ಯಾಕ ಹೋಗಲಿಲ್ಲ?" ಎಂಬುದಕ್ಕೆ ಉತ್ತರ ಹೇಳಬೇಕಾಯಿತಲ್ಲ, ಅದು ಅವಳ ತಪ್ಪಿನಿಂದ ಆದದ್ದಲ್ಲ.

ಯಾವ ದೇಶ ಚಲೋ, ಯಾವ ಕೋರ್ಸಿಗೆ ಕೆಲಸ ಸಿಗುತ್ತದೆ ಎಂಬುದು ಈ ಬರಹದಲ್ಲಿ ಇಲ್ಲ. ಅದನ್ನು ಹೇಳುವವರು ಕೊಲ್ಹಾಪುರದಲ್ಲಿ ಬೇಕಾದಷ್ಟಿದ್ದಾರೆ. ಅವರು ಹೇಳದೇ ಇರುವುದು, ಪುಣೆ-ಬೆಂಗಳೂರಿನವರಿಗೆ ಬಾರದೇ ಇರುವ, ಎರಡು ರಾಜ್ಯಗಳ ನಡುವೆ ಬದುಕುವ ನಮ್ಮಂಥವರಿಗೇ ಬರುವ ತೊಡಕುಗಳು. ಅವನ್ನಷ್ಟೇ ಇಲ್ಲಿ ಬರೆದಿದ್ದೇವೆ. ಹೋಗಬೇಕೆಂದಿರುವ ದಿನದಿಂದ ಹಿಂದಕ್ಕೆ ಎಣಿಸಿ ಒಂದೂವರೆ ವರ್ಷ ಮೊದಲು ಕಾಗದದ ಕೆಲಸ ಶುರು ಮಾಡಿರೆಂಬುದು ನಮ್ಮ ಕೋರಿಕೆ. ಅಂದರೆ ಡಿಗ್ರಿಯ ಎರಡನೇ ವರ್ಷ ಮುಗಿಯುತ್ತಿರುವಾಗ.

ಹೆಸರು

ಮೊದಲು ಇದು, ಏಕೆಂದರೆ ಮಿಕ್ಕ ಎಲ್ಲ ಕಾಗದವೂ ಇದರ ಮೇಲೆ ನಿಂತಿದೆ.

ಮಹಾರಾಷ್ಟ್ರದ ಬೋರ್ಡಿನ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು. ತಾಯಿಯ ಹೆಸರು ಬೇರೆ ಸಾಲಿನಲ್ಲಿ. ಉದಾಹರಣೆಗೆ 'ಪಾಟೀಲ ಸವಿತಾ ಬಸವರಾಜ' ಎಂದಿಟ್ಟುಕೊಳ್ಳಿ. ಇದೇ ಹುಡುಗಿ ಹತ್ತನೇ ಮುಗಿಸಿ ನಿಪ್ಪಾಣಿಗೋ ಸಂಕೇಶ್ವರಕ್ಕೋ ಬೆಳಗಾವಿಗೋ ಪಿಯುಸಿಗೆ ಹೋದರೆ ಅಲ್ಲಿ 'ಸವಿತಾ ಬಿ. ಪಾಟೀಲ' ಆಗಬಹುದು. ಆಧಾರದಲ್ಲಿ 'ಸವಿತಾ ಬಸವರಾಜ ಪಾಟೀಲ'. ಪಾಸ್‌ಪೋರ್ಟಿನಲ್ಲಿ ಸ್ವಂತ ಹೆಸರಿಗೆ ಒಂದು ಕಾಲಂ, ಅಡ್ಡಹೆಸರಿಗೆ ಇನ್ನೊಂದು. ನಮ್ಮೂರಿನ ಯಾವ ಕಾರಕೂನನೂ ಇವಿಷ್ಟೂ ಒಬ್ಬಳೇ ಎಂದು ಕಣ್ಣುಮುಚ್ಚಿ ಹೇಳುತ್ತಾನೆ. ದೂರದ ದೇಶದಲ್ಲಿ ಕೂತು ಪಟ್ಟಿ ನೋಡುವವರಿಗೆ ಹಾಗಲ್ಲ. ಹತ್ತನೆಯ ಪಟ್ಟಿ ನೋಡಿ ಅಡ್ಡಹೆಸರು 'ಬಸವರಾಜ' ಎಂದುಕೊಳ್ಳುತ್ತಾರೆ, ಏಕೆಂದರೆ ಅವರಲ್ಲಿ ಕೊನೆಗೆ ಬರುವುದು ಅಡ್ಡಹೆಸರು.

ಇದರ ಮೇಲೆ ಸ್ಪೆಲಿಂಗ್. ಮರಾಠಿ ಉಚ್ಚಾರದಲ್ಲಿ ಬರೆದರೆ 'ಬಸವರಾಜ್' ಎಂಬುದರಲ್ಲಿ ನಡುವಿನ ಒಂದು 'ಎ' ಬಿದ್ದುಹೋಗುತ್ತದೆ, 'ಶಿವಲಿಂಗ' ಎಂಬುದರ ಕೊನೆಯ 'ಎ' ಹೋಗುತ್ತದೆ. ಅವ್ವ ಎಂಬುದು ಬಾಯಿ ಆಗುತ್ತದೆ, ಅಪ್ಪ ಎಂಬುದು ಕೆಲವೊಮ್ಮೆ ರಾವ್ ಆಗುತ್ತದೆ. ಶಾಲೆಗೆ ಹೆಸರು ಹಚ್ಚುವ ದಿನ ಬರೆದುಕೊಂಡವರ ಕೈಯಲ್ಲಿ ನಮ್ಮ ಮನೆತನದ ಹೆಸರೇ ಬದಲಾದದ್ದನ್ನು ನಾವು ಕಂಡಿದ್ದೇವೆ. ಅವರಾದರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ.

ಏನು ಮಾಡಬೇಕು? ಹತ್ತನೆಯ ಅಂಕಪಟ್ಟಿಯಲ್ಲಿರುವ ಸ್ಪೆಲಿಂಗನ್ನೇ ಮೂಲವೆಂದು ಹಿಡಿಯಿರಿ. ಅದನ್ನು ಬದಲಿಸುವುದು ಎಲ್ಲಕ್ಕಿಂತ ಕಷ್ಟ, ಮಿಕ್ಕವನ್ನು ಅದಕ್ಕೆ ಹೊಂದಿಸುವುದು ಸುಲಭ. ಮಗು ಇನ್ನೂ ಶಾಲೆಯಲ್ಲಿದ್ದರೆ ಇಂದೇ ಶಾಲೆಯ ಜನರಲ್ ರಜಿಸ್ಟರ್ ನೋಡಿ ಬನ್ನಿ. ಬೋರ್ಡಿನ ಫಾರ್ಮ್ ತುಂಬುವ ಮೊದಲು ಮುಖ್ಯಾಧ್ಯಾಪಕರ ಮೂಲಕ ತಿದ್ದುವುದು ಒಂದು ದಿನದ ಕೆಲಸ, ಪಾಸಾದ ಮೇಲೆ ತಿಂಗಳುಗಟ್ಟಲೆ ಓಡಾಟ. ಆಮೇಲೆ ಆಧಾರ, ನಂತರ ಪ್ಯಾನ್, ಕೊನೆಗೆ ಪಾಸ್‌ಪೋರ್ಟ್, ಇದೇ ಕ್ರಮದಲ್ಲಿ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಕಾಲಂ ಖಾಲಿ ಬಿಡಬೇಡಿ. ಪೂರ್ತಿ ಹೆಸರನ್ನು ಒಂದೇ ಕಾಲಂನಲ್ಲಿ ತುಂಬಿದವರಿಗೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಮುದ್ರೆಯಾಗುತ್ತದೆ. ಆಮೇಲೆ ಅಲ್ಲಿನ ಬ್ಯಾಂಕು, ಲೈಸೆನ್ಸು ಎಲ್ಲದರಲ್ಲೂ ಅದೇ ಹೆಸರು ಬೆನ್ನು ಹತ್ತುತ್ತದೆ.

ಬರೀ ಅಕ್ಷರದ ಅಥವಾ ಕ್ರಮದ ವ್ಯತ್ಯಾಸವಿದ್ದರೆ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಎಂಬ ಪ್ರತಿಜ್ಞಾಪತ್ರ ಸಾಮಾನ್ಯವಾಗಿ ಸಾಕಾಗುತ್ತದೆ. ಅದನ್ನು ಇಂಗ್ಲಿಷಿನಲ್ಲೇ ಮಾಡಿಸಿ. ಮರಾಠಿಯಲ್ಲಿ ಮಾಡಿಸಿ ಮತ್ತೆ ಭಾಷಾಂತರಕ್ಕೆ ದುಡ್ಡು ಕೊಟ್ಟವರಿದ್ದಾರೆ. ಹೆಸರೇ ಬೇರೆಯಾಗಿದ್ದರೆ, ಗಂಗವ್ವ-ಗಂಗೂಬಾಯಿಯ ಹಾಗೆ, ರಾಜ್ಯದ ಗೆಜೆಟ್ಟಿನಲ್ಲಿ ಪ್ರಕಟಿಸುವುದೇ ದಾರಿ. ಮಹಾರಾಷ್ಟ್ರದಲ್ಲಿ ಇದರ ಅರ್ಜಿ ಆನ್‌ಲೈನ್ ಇದೆ. ಮದುವೆಯಾದ ಹೆಣ್ಣುಮಕ್ಕಳು ಹೊರಗೆ ಓದಲು ಹೋಗುವುದಾದರೆ ಓದಿನ ಕಾಗದದಲ್ಲಿರುವ ತವರಿನ ಹೆಸರನ್ನೇ ಪಾಸ್‌ಪೋರ್ಟಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ಅತ್ತೆ-ಮಾವ ಬೇಸರ ಮಾಡಿಕೊಂಡರೆ ಈ ಲೇಖನ ತೋರಿಸಿರಿ.

ಪಾಸ್‌ಪೋರ್ಟಿಗೆ ಈಗ ಪುಣೆಯವರೆಗೆ ಹೋಗಬೇಕಿಲ್ಲ. ಕೊಲ್ಹಾಪುರದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ. ಬೆಳಗಾವಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳು ಯಾವ ವಿಳಾಸ ಕೊಡುತ್ತೇವೆಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಲಿ. ಕಾಗಲದ ವಿಳಾಸ ಕೊಟ್ಟು, ಪೊಲೀಸರು ಮನೆಗೆ ಬಂದಾಗ ಹುಡುಗ ಬೆಳಗಾವಿಯಲ್ಲಿದ್ದರೆ ವರದಿ ಅಲ್ಲೇ ನಿಲ್ಲುತ್ತದೆ.

ತವರಿನಲ್ಲಿ ಹುಟ್ಟಿದ ಮಕ್ಕಳು

ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಪದ್ಧತಿ. ತವರು ಗಡಿಯ ಆ ಕಡೆ, ಗಂಡನ ಮನೆ ಈ ಕಡೆ. ಹೀಗಾಗಿ ಮಗುವಿನ ಜನನ ನೋಂದಣಿ ಕರ್ನಾಟಕದಲ್ಲಿ, ಮುಂದಿನ ಎಲ್ಲ ಕಾಗದ ಮಹಾರಾಷ್ಟ್ರದಲ್ಲಿ. ಹೆರಿಗೆಯಾದ ವಾರದಲ್ಲಿ ಹೆಸರಿಟ್ಟಿರುವುದಿಲ್ಲ. ಆಸ್ಪತ್ರೆಯವರು ಹೆಸರಿಲ್ಲದೆ ನೋಂದಾಯಿಸುತ್ತಾರೆ. ಆಮೇಲೆ ತೊಟ್ಟಿಲ ಕಾರ್ಯ ಮಾಡಿ ಹೆಸರಿಟ್ಟು ಕೂಸನ್ನು ಕರೆದುಕೊಂಡು ಬರುತ್ತೇವೆ, ನೋಂದಣಿಯ ಪುಸ್ತಕದಲ್ಲಿ ಹೆಸರು ಸೇರಿಸುವುದು ಯಾರಿಗೂ ನೆನಪಾಗುವುದಿಲ್ಲ.

ಪಾಸ್‌ಪೋರ್ಟಿಗೆ ಇದು ಅಡ್ಡಿಯಲ್ಲ. 2023ರ ಅಕ್ಟೋಬರ 1ರ ನಂತರ ಹುಟ್ಟಿದವರಿಗೆ ಮಾತ್ರ ಜನ್ಮ ಪ್ರಮಾಣಪತ್ರವೇ ಬೇಕು, ಅದಕ್ಕಿಂತ ಮೊದಲಿನವರಿಗೆ ಹತ್ತನೆಯ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ ಮುಂತಾದವು ನಡೆಯುತ್ತವೆ. ಆದರೆ ಬ್ರಿಟನ್ನಿಗೆ ತಂದೆ-ತಾಯಿಯ ದುಡ್ಡು ತೋರಿಸುವಾಗ ಜನ್ಮ ಪ್ರಮಾಣಪತ್ರ ಕೇಳುತ್ತಾರೆ, ಜೊತೆಗೆ ದುಡ್ಡು ಕೊಡಲು ಒಪ್ಪಿದ್ದೇವೆಂಬ ತಂದೆ-ತಾಯಿಯ ಪತ್ರ. ಆದ್ದರಿಂದ ಈ ದೀಪಾವಳಿಗೆ ತವರಿಗೆ ಹೋದಾಗ ಹುಟ್ಟಿದ ಊರಿನ ಪಂಚಾಯತಿ ಅಥವಾ ಪುರಸಭೆಗೆ ಹೋಗಿ ಒಂದು ಪ್ರತಿ ತೆಗೆಸಿ ನೋಡಿರಿ. ಹೆಸರು ಇದೆಯೇ? ತಂದೆ-ತಾಯಿಯ ಹೆಸರು ಆಧಾರದಂತೆ ಇದೆಯೇ? ತಾರೀಖು ಶಾಲೆಯ ದಾಖಲೆಗೆ ಹೊಂದುತ್ತದೆಯೇ? ಜೂನ್ 1 ಎಂದು ಶಾಲೆಯಲ್ಲಿ ಬರೆಸಿ, ಹುಟ್ಟಿದ್ದು ಆಗಸ್ಟಿನಲ್ಲಿ ಎಂದಿರುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಅಧಿಕೃತ ಭಾಷಾಂತರಕಾರರಿಂದ ಇಂಗ್ಲಿಷಿಗೆ ಮಾಡಿಸಬೇಕು. ಸಂಘದ ಹಿರಿಯರು ಮಾಡಿಕೊಟ್ಟ ಭಾಷಾಂತರ, ಎಷ್ಟು ಶುದ್ಧವಿದ್ದರೂ, ನಡೆಯುವುದಿಲ್ಲ. ಇದನ್ನು ನಾವೇ ಅನುಭವದಿಂದ ಕಲಿತೆವು.

ಓದಿನ ಕಾಗದ

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದು ತೊಂದರೆಯೇ ಎಂದು ಬಹಳ ಜನ ಅಳುಕುತ್ತಾ ಕೇಳುತ್ತಾರೆ. ಅಲ್ಲ. ವಿದೇಶದ ವಿಶ್ವವಿದ್ಯಾಲಯ ಇಂಗ್ಲಿಷಿನ ಬಗ್ಗೆ ನೋಡುವುದು ಈಗಿನ ಪರೀಕ್ಷೆಯ ಅಂಕ, ಅಂದರೆ ಐಇಎಲ್‌ಟಿಎಸ್, ಟೋಫೆಲ್ ಮುಂತಾದವು. ಇವು ಎರಡು ವರ್ಷ ಮಾತ್ರ ನಡೆಯುತ್ತವೆ, ಆದ್ದರಿಂದ ಬಹಳ ಬೇಗ ಬರೆದಿಟ್ಟುಕೊಂಡೂ ಉಪಯೋಗವಿಲ್ಲ. ಕೆಲವು ಕಡೆ ಡಿಗ್ರಿ ಇಂಗ್ಲಿಷಿನಲ್ಲಿ ಓದಿದ್ದೇನೆಂಬ ಕಾಲೇಜಿನ ಪತ್ರವೂ ಸಾಕು. ಕನ್ನಡ ಶಾಲೆಯಲ್ಲಿ ಓದಿದ್ದನ್ನು ಅರ್ಜಿಯ ಪ್ರಬಂಧದಲ್ಲಿ ಮುಚ್ಚಿಡಬೇಡಿ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು ಎಂದು ದಿನಾ ಮೂರು ಭಾಷೆಯಲ್ಲಿ ಬದುಕಿದವರು ಎಂಬುದು ಬರೆಯತಕ್ಕ ಸಂಗತಿ. ಏಜೆಂಟ ಬರೆದುಕೊಡುವ ಒಂದೇ ಅಚ್ಚಿನ ಪ್ರಬಂಧದಲ್ಲಿ ಇದು ಇರುವುದಿಲ್ಲ.

ಇಲ್ಲಿ ನಮ್ಮ ಹಳಬರನ್ನು ನೆನೆಯಬೇಕು. ಗೋಕಾಕ ಸೀಮೆಯ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳು. ವಿ. ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ಒಂದು ಕಾಲಕ್ಕೆ ನಮ್ಮ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಇಬ್ಬರೂ ಇದೇ ಸೀಮೆಯ ಭಾಷೆಯವರೇ.

ಈಗಿನ ಒಂದು ಹೊಸ ಗೊಂದಲ ಡಿಗ್ರಿಯ ವರ್ಷಗಳದು. ಮಹಾರಾಷ್ಟ್ರದಲ್ಲಿ ಹೊಸ ಶಿಕ್ಷಣ ನೀತಿಯ ಪ್ರಕಾರ ನಾಲ್ಕನೇ ವರ್ಷದ ಆನರ್ಸ್ ಓದುವ ಅವಕಾಶವಿದೆ. ಕರ್ನಾಟಕ ಸರಕಾರ 2024ರಲ್ಲಿ ನಾಲ್ಕು ವರ್ಷದ ಪದ್ಧತಿ ಕೈಬಿಟ್ಟು ಮೂರು ವರ್ಷದ ಡಿಗ್ರಿಗೆ ಮರಳಿತು. ಅಂದರೆ ಕಾಗಲದ ಹುಡುಗ ಬಿ.ಎಸ್ಸಿ.ಗೆ ಕೊಲ್ಹಾಪುರಕ್ಕೆ ಹೋದರೆ ನಾಲ್ಕು ವರ್ಷ ಓದಬಹುದು, ನಿಪ್ಪಾಣಿಗೆ ಹೋದರೆ ಮೂರು. ಎರಡೂ ಊರು ಬಸ್ಸಿನ ದಾರಿಯೇ. ಬ್ರಿಟನ್ನಿಗೆ ಮೂರು ವರ್ಷ ಸಾಕು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಎಂ.ಎಸ್.ಗೆ ಒಟ್ಟು ಹದಿನಾರು ವರ್ಷದ ಓದು ಕೇಳುತ್ತವೆ. ಹನ್ನೆರಡನೇ ಮುಗಿದ ಮೇಲೆ ಕಾಲೇಜು ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇಂಜಿನಿಯರಿಂಗಿನವರಿಗೆ ಈ ಚಿಂತೆ ಇಲ್ಲ.

ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರಿನ ಅಂಕಗಳ ಮೊಹರು ಹಾಕಿದ ಒಂದೇ ಪತ್ರ, ತೆಗೆಸಬೇಕು. ಶಿವಾಜಿ ವಿಶ್ವವಿದ್ಯಾಲಯದವರು ಕೊಲ್ಹಾಪುರದಲ್ಲೇ ಮಾಡಿಸಬಹುದು, ಬೆಳಗಾವಿಯಲ್ಲಿ ಓದಿದವರಿಗೆ ವಿಟಿಯು ಅಥವಾ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಒಂದೇ ಸಲಕ್ಕೆ ನಾಲ್ಕೈದು ಪ್ರತಿ ತೆಗೆಸಿಡಿ. ಗ್ರೇಡನ್ನು ಶೇಕಡಾ ಮಾಡಿ ನಾವೇ ಬರೆಯಬಾರದು, ಕಾಲೇಜು ಕೊಟ್ಟ ಹಾಗೆಯೇ ಬರೆಯಬೇಕು.

ಕೆಲವು ದೇಶಗಳು ಅಪೊಸ್ಟಿಲ್ ಕೇಳುತ್ತವೆ. ಇದು ದಿಲ್ಲಿಯ ವಿದೇಶಾಂಗ ಮಂತ್ರಾಲಯದ ಮುದ್ರೆ, ಅದಕ್ಕಿಂತ ಮೊದಲು ರಾಜ್ಯದ ದೃಢೀಕರಣ ಬೇಕು. ಕಾಗದ ಯಾವ ರಾಜ್ಯದ್ದೋ ಆ ರಾಜ್ಯವೇ ದೃಢೀಕರಿಸಬೇಕು. ಕರ್ನಾಟಕದ ಪಿಯುಸಿ ಪಟ್ಟಿಯನ್ನು ಮುಂಬಯಿಗೆ ಕಳಿಸಿದರೆ ವಾಪಸು ಬರುತ್ತದೆ, ಶಿವಾಜಿ ವಿಶ್ವವಿದ್ಯಾಲಯದ ಪದವಿಯನ್ನು ಬೆಂಗಳೂರಿಗೆ ಕಳಿಸಿದರೂ ಹಾಗೆಯೇ. ನಮ್ಮ ಮಕ್ಕಳಲ್ಲಿ ಬಹುಪಾಲು ಎರಡೂ ಕಡೆಯ ಕಾಗದ ಇರುವವರು, ಎರಡು ಲಕೋಟೆ ಮಾಡಿಕೊಳ್ಳಬೇಕು. ಮೊದಲು ವಿಶ್ವವಿದ್ಯಾಲಯದ ಪಟ್ಟಿ ಓದಿ ನೋಡಿ. ಬೇಕಿಲ್ಲದ ಕಡೆಯೂ ಅಪೊಸ್ಟಿಲ್ ಮಾಡಿಸಿ ಸಾವಿರಾರು ರೂಪಾಯಿ ಕಳೆದವರಿದ್ದಾರೆ.

ದುಡ್ಡು: ಹೊಲ ಇದೆ, ಸಾಲ ಇಲ್ಲ

ಇದು ನಮ್ಮ ಮನೆಗಳಿಗೆ ಅತಿ ದೊಡ್ಡ ಪೆಟ್ಟು. ನಾಲ್ಕೆಕರೆ ನೀರಾವರಿ, ಕಬ್ಬು, ಎರಡು ಎಮ್ಮೆ, ಊರಲ್ಲಿ ಸ್ವಂತ ಮನೆ. ಇಷ್ಟೆಲ್ಲ ಇರುವಾಗ ಶಿಕ್ಷಣ ಸಾಲಕ್ಕೇನು ಅಡ್ಡಿ ಎಂದುಕೊಂಡು ಬ್ಯಾಂಕಿಗೆ ಹೋಗುತ್ತಾರೆ. ಮ್ಯಾನೇಜರರು ಸಾತ್‌ಬಾರಾ ಉತಾರೆ ನೋಡಿ ಮೆಲ್ಲಗೆ ಮಡಚಿ ಕೊಡುತ್ತಾರೆ.

ಕಾರಣ ಹೀಗಿದೆ. ಸಾಲ ಮುಳುಗಿದರೆ ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆಂದು ಇಟ್ಟ ಕಲಮು ಅದು, ಒಳ್ಳೆಯದೇ. ಆದರೆ ಅದರಿಂದಲೇ ಶಿಕ್ಷಣ ಸಾಲಕ್ಕೆ ಹೊಲವನ್ನು ಅಡಮಾನವಾಗಿ ತೆಗೆದುಕೊಳ್ಳಲು ಬ್ಯಾಂಕುಗಳು ಹಿಂದೆಗೆಯುತ್ತವೆ. ಎನ್.ಎ. ಆದ ಪ್ಲಾಟು, ಪ್ರಾಪರ್ಟಿ ಕಾರ್ಡ್ ಇರುವ ಮನೆ, ಬ್ಯಾಂಕಿನ ಠೇವಣಿ, ಎಲ್‌ಐಸಿ ಪಾಲಿಸಿ ನಡೆಯುತ್ತವೆ. ಗಾವಠಾಣದ ಹಳೆ ಮನೆ ಅಜ್ಜನ ಹೆಸರಿನಲ್ಲಿದ್ದು, ಚಿಕ್ಕಪ್ಪ-ದೊಡ್ಡಪ್ಪಂದಿರ ವಾಟ್ನಿ ಆಗಿರದಿದ್ದರೆ ಅದೂ ನಡೆಯುವುದಿಲ್ಲ. ವಾಟ್ನಿಯ ಮಾತು ಒಂದು ತಿಂಗಳಲ್ಲಿ ಮುಗಿಯುವಂಥದ್ದಲ್ಲ ಎಂಬುದು ನಿಮಗೆಲ್ಲ ಗೊತ್ತು, ಆದ್ದರಿಂದಲೇ ಒಂದೂವರೆ ವರ್ಷ ಮೊದಲು ಎಂದದ್ದು. ಆಸ್ತಿ ನಿಪ್ಪಾಣಿ-ಹುಕ್ಕೇರಿ ಕಡೆ, ವಾಸ ಕಾಗಲ-ಗಡಹಿಂಗ್ಲಜ ಕಡೆ ಇದ್ದರೆ ಆಸ್ತಿ ಇರುವ ಊರಿನ ಶಾಖೆಯನ್ನೂ ಕೇಳಿ ನೋಡಿ. ವಕೀಲರ ಶೋಧನಾ ವರದಿ ಅಲ್ಲಿಂದಲೇ ಆಗಬೇಕಾಗುತ್ತದೆ.

ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಬೇಡ. ಅದಕ್ಕಿಂತ ಮೇಲೆ ಬೇಕು. ಕೆಲವು ಬ್ಯಾಂಕುಗಳು ಹೆಸರಾಂತ ವಿಶ್ವವಿದ್ಯಾಲಯಗಳ ಪಟ್ಟಿ ಇಟ್ಟುಕೊಂಡು, ಅಲ್ಲಿ ಸೀಟು ಸಿಕ್ಕವರಿಗೆ ಅಡಮಾನವಿಲ್ಲದೆಯೂ ಹೆಚ್ಚು ಕೊಡುತ್ತವೆ. ವಿದೇಶದ ಓದಿಗೆ ಖರ್ಚಿನ ಸುಮಾರು ಶೇ. 15ರಷ್ಟು ನಾವೇ ಹಾಕಬೇಕು. ಕೇಂದ್ರ ಸರಕಾರದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಲವು ಬ್ಯಾಂಕಿಗೆ ಒಂದೇ ಅರ್ಜಿ ಹಾಕಬಹುದು. ಹೆಸರು ಒಂದೇ ರೀತಿ ಇದೆಯೆಂದು 2024ರ ನವೆಂಬರದಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದು ನಮ್ಮ ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ.

ಪತಸಂಸ್ಥೆಯ ವಿಚಾರ. ನಮ್ಮ ಜಿಲ್ಲೆ ಸಹಕಾರದ ಜಿಲ್ಲೆ. ಕಬ್ಬಿನ ಬಿಲ್ಲು, ಹಾಲಿನ ಬಿಲ್ಲು, ಮಗ್ಗದ ಕೂಲಿ ಎಲ್ಲ ಸಹಕಾರಿ ಸಂಸ್ಥೆಯಲ್ಲೇ ಜಮಾ. ಅವುಗಳ ಉಪಕಾರ ನಾವು ಮರೆಯುವುದಿಲ್ಲ. ಆದರೆ ಬ್ರಿಟನ್ನಿನ ನಿಯಮದಂತೆ ದುಡ್ಡು ಇಟ್ಟ ಸಂಸ್ಥೆ ಆ ದೇಶದ ನಿಯಂತ್ರಣ ಸಂಸ್ಥೆಯ ಅಧೀನದಲ್ಲಿರಬೇಕು, ದಾಖಲೆ ಕಂಪ್ಯೂಟರಿನಲ್ಲಿರಬೇಕು. ಹಿಂದೆ ಬ್ರಿಟನ್ ತಾನು ಒಪ್ಪದ ಬ್ಯಾಂಕುಗಳ ಪಟ್ಟಿಯನ್ನೇ ಪ್ರಕಟಿಸುತ್ತಿತ್ತು, ಭಾರತದ ಎಷ್ಟೋ ಸಹಕಾರಿ ಬ್ಯಾಂಕುಗಳ ಹೆಸರು ಅದರಲ್ಲಿದ್ದವು. ಆ ಪಟ್ಟಿ ಈಗಿಲ್ಲದಿದ್ದರೂ ರಿಸ್ಕು ಬೇಡ. ತೋರಿಸುವ ದುಡ್ಡನ್ನು ರಾಷ್ಟ್ರೀಕೃತ ಬ್ಯಾಂಕಿಗೆ ತಂದು ಇಡಿ. ಸತತ 28 ದಿನ ಆ ಮೊತ್ತ ಒಂದು ದಿನವೂ ಕೆಳಗಿಳಿಯದೆ ಇರಬೇಕು, ಸ್ಟೇಟ್‌ಮೆಂಟಿನ ಕೊನೆಯ ದಿನದಿಂದ 31 ದಿನದೊಳಗೆ ವೀಸಾ ಅರ್ಜಿ ಹೋಗಬೇಕು. ಇಪ್ಪತ್ತನೇ ದಿನ ಗೊಬ್ಬರಕ್ಕೆಂದು ಹತ್ತು ಸಾವಿರ ತೆಗೆದು ಮೊತ್ತ ಕೆಳಗಿಳಿದರೆ ಮತ್ತೆ ಒಂದರಿಂದ ಎಣಿಕೆ. ಕೋರ್ಸಿನ ಬಾಕಿ ಫೀಯ ಜೊತೆಗೆ ಖರ್ಚಿಗೆಂದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171 ಪೌಂಡ್, ಒಂಬತ್ತು ತಿಂಗಳವರೆಗೆ ತೋರಿಸಬೇಕು. ಇದು 2025ರ ನವೆಂಬರದಿಂದ ಇರುವ ಅಂಕೆ, ಆಗಾಗ ಏರುತ್ತದೆ.

ಜರ್ಮನಿಗೆ ಬೇರೆ ಪದ್ಧತಿ. ಅಲ್ಲಿ ವರ್ಷದ ಖರ್ಚು, 2024ರ ಸಪ್ಟೆಂಬರದಿಂದ 11,904 ಯೂರೋ, ಮೊದಲೇ ಒಂದು ಬಿಗಿ ಖಾತೆಯಲ್ಲಿ ಕಟ್ಟಬೇಕು, ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುತ್ತಾರೆ. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಫೀ ಇಲ್ಲ. ನಮ್ಮಂಥ ಮನೆಗಳಿಗೆ ಈ ಲೆಕ್ಕ ಹೊಂದುತ್ತದೆಂದು ನಮ್ಮ ಅಭಿಪ್ರಾಯ. ಆದರೆ 2022ರ ನವೆಂಬರದಿಂದ ಭಾರತದ ವಿದ್ಯಾರ್ಥಿಗಳು ಎಪಿಎಸ್ ಪ್ರಮಾಣಪತ್ರ ತರಲೇಬೇಕು. ಓದಿನ ಕಾಗದ ಖರೆಯವೇ ಎಂದು ಪರಿಶೀಲಿಸಿ ಕೊಡುವ ಪತ್ರ ಅದು. ಹೆಸರಿನ ವ್ಯತ್ಯಾಸ ಅಲ್ಲಿಯೂ ಸಿಕ್ಕಿಬೀಳುತ್ತದೆ. ಬರೀ ಹನ್ನೆರಡನೇ ಮುಗಿಸಿದವರಿಗೆ ಅಲ್ಲಿ ಸಾಮಾನ್ಯವಾಗಿ ನೇರ ಪ್ರವೇಶ ಇಲ್ಲ.

ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಮೂಲದಲ್ಲಿ ತೆರಿಗೆ ಹಿಡಿಯುವುದಿಲ್ಲ. ಸ್ವಂತ ಹಣ ವರ್ಷಕ್ಕೆ ಹತ್ತು ಲಕ್ಷ ದಾಟಿದರೆ ಹಿಡಿಯುತ್ತಾರೆ, ರಿಟರ್ನ್ ತುಂಬಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ವಿದ್ಯಾರ್ಥಿವೇತನ: ನಾವು ಯಾವ ರಾಜ್ಯದವರು?

"ನಾವು ಕನ್ನಡಿಗರು, ಕರ್ನಾಟಕದ ಸ್ಕಾಲರ್‌ಶಿಪ್ ನಮಗೆ ಸಿಗಬೇಕಲ್ಲ?" ಎಂದು ಕೇಳುತ್ತಾರೆ. ಸಿಗುವುದಿಲ್ಲ. ಕರ್ನಾಟಕದ ಪ್ರಬುದ್ಧ ಯೋಜನೆಯಂಥವು ಆ ರಾಜ್ಯದ ನಿವಾಸಿಗಳಿಗೆ. ಭಾಷೆ ಒಂದು, ಡೊಮಿಸೈಲ್ ಇನ್ನೊಂದು. ಕರ್ನಾಟಕದ ವೃತ್ತಿಪರ ಕಾಲೇಜುಗಳ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ ನಿಜ, ಆದರೆ ಅದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು ಕಡೆಯ ತಾಲೂಕುಗಳಿಗೆ. ಗಡಹಿಂಗ್ಲಜದವರಿಗೆ ಸಿಗುವುದು ಪಕ್ಕದ ಕಾಗಲದವರಿಗೆ ಇಲ್ಲ. ಈ ಬಗ್ಗೆ ನಮ್ಮ ಅಸಮಾಧಾನ ಹಳೆಯದು, ಇಲ್ಲಿ ಬೆಳೆಸುವುದಿಲ್ಲ. ವಿದೇಶದ ಓದಿಗೆ ಅದರಿಂದ ಏನೂ ಸಂಬಂಧವಿಲ್ಲ ಎಂದಷ್ಟೇ ತಿಳಿಯಿರಿ.

ನಮಗೆ ಸಿಗುವುದು ಮಹಾರಾಷ್ಟ್ರದ್ದು ಮತ್ತು ಕೇಂದ್ರದ್ದು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮಹಾರಾಷ್ಟ್ರದ ವಿದೇಶ ವಿದ್ಯಾರ್ಥಿವೇತನ ರಾಜರ್ಷಿ ಶಾಹೂ ಮಹಾರಾಜರ ಹೆಸರಿನಲ್ಲೇ ಇದೆ. ನಮ್ಮ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿ ಕೊಲ್ಹಾಪುರಕ್ಕೆ ದತ್ತಕ ಹೋದವರು ಅವರು. ಹಿಂದುಳಿದ ವರ್ಗ, ಸಾರ್ವತ್ರಿಕ ವರ್ಗಕ್ಕೂ ಬೇರೆ ಬೇರೆ ಇಲಾಖೆಗಳ ಯೋಜನೆಗಳಿವೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಜಾಗ. ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೃಷಿ ಕಾರ್ಮಿಕ ಮತ್ತು ಪಾರಂಪರಿಕ ಕುಶಲಕರ್ಮಿ ಕುಟುಂಬದವರಿಗೆ. ವರ್ಷದ ಆದಾಯ ಎಂಟು ಲಕ್ಷದೊಳಗೆ, ವಯಸ್ಸು 35ರೊಳಗೆ, ಕನಿಷ್ಠ ಶೇ. 60 ಅಂಕ. ಕ್ಯೂಎಸ್ ಶ್ರೇಯಾಂಕದ ಮೊದಲ 500ರಲ್ಲಿರುವ ವಿಶ್ವವಿದ್ಯಾಲಯವಾಗಿರಬೇಕು.

ಮೀಸಲು ವರ್ಗದ ಯೋಜನೆಗಳಿಗೆ ಮಹಾರಾಷ್ಟ್ರದ ಜಾತಿ ಪ್ರಮಾಣಪತ್ರ ಬೇಕು. ಕರ್ನಾಟಕದ 2ಎ, 3ಬಿ ಇಲ್ಲಿ ನಡೆಯುವುದಿಲ್ಲ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಗೆ 1950ರ ಆಗಸ್ಟ 10, ಇತರ ಹಿಂದುಳಿದವರಿಗೆ 1967ರ ಅಕ್ಟೋಬರ 13ಕ್ಕೆ ಮೊದಲಿನಿಂದ ಕುಟುಂಬ ಈ ರಾಜ್ಯದಲ್ಲಿ ಇತ್ತೆಂಬ ಪುರಾವೆ ಕೇಳುತ್ತಾರೆ. ಅಜ್ಜನ ಶಾಲೆಯ ದಾಖಲೆ ಹುಡುಕಬೇಕು, ಹಳೆಯ ಸಂಸ್ಥಾನದ ಕಾಲದ್ದು ಮೋಡಿ ಲಿಪಿಯಲ್ಲಿರುತ್ತದೆ. ಓದುವವರು ಈಗ ವಿರಳ.

ಎಲ್ಲವೂ ಸಕಾಲಕ್ಕೆ ಆಗದಿದ್ದರೆ

ಅಮೆರಿಕದ ಆಗಸ್ಟ್ ಪ್ರವೇಶಕ್ಕೆ ಹಿಂದಿನ ಡಿಸೆಂಬರ-ಜನವರಿಯಲ್ಲಿ ಅರ್ಜಿ, ಜರ್ಮನಿಯ ಅಕ್ಟೋಬರಕ್ಕೆ ಅನೇಕ ಕಡೆ ಜುಲೈ 15ರವರೆಗೆ, ಬ್ರಿಟನ್ನಿನ ಸಪ್ಟೆಂಬರಕ್ಕೆ ಸ್ನಾತಕೋತ್ತರದವರು ಹಿಂದಿನ ಅಕ್ಟೋಬರದಿಂದಲೇ ಹಾಕಬಹುದು. ಕೊನೆಯ ಸೆಮಿಸ್ಟರಿನ ಫಲಿತಾಂಶ ಬರುವವರೆಗೆ ಕಾಯಬೇಕಿಲ್ಲ, ಷರತ್ತಿನ ಪ್ರವೇಶ ಕೊಡುತ್ತಾರೆ. ಇಷ್ಟಾಗಿಯೂ ಕಾಗದ ಕೂಡಲಿಲ್ಲವೆಂದರೆ ಸೀಟು ಬಿಟ್ಟುಬಿಡಬೇಡಿ. ಪ್ರವೇಶವನ್ನು ಮುಂದಿನ ವರ್ಷಕ್ಕೆ ಹಾಕಿಕೊಡಿ ಎಂದು ತರಗತಿ ಶುರುವಾಗುವ ಮೊದಲೇ ಲಿಖಿತವಾಗಿ ಕೇಳಿ. ಆ ಇಚಲಕರಂಜಿಯ ಹುಡುಗಿಗೆ ಹೀಗೆಯೇ ಸೀಟೂ ಮುಂಗಡವೂ ಉಳಿದವು.

ಇದೂ ಹೊಸ ಮಾತಲ್ಲ. ಬಾಬಾಸಾಹೇಬ ಅಂಬೇಡಕರರು ಬಡೋದೆಯ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಅಮೆರಿಕದ ಕೊಲಂಬಿಯಾಕ್ಕೆ, ಅಲ್ಲಿಂದ 1916ರಲ್ಲಿ ಲಂಡನ್ನಿಗೆ ಹೋದವರು, ವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬರುವಾಗ ನಾಲ್ಕು ವರ್ಷದೊಳಗೆ ಮರಳಿ ಓದು ಮುಂದುವರಿಸುವ ಅನುಮತಿ ಪಡೆದೇ ಬಂದರು. 1920ರ ಮಾರ್ಚಿನಲ್ಲಿ ನಮ್ಮ ಹತ್ತಿರದ ಮಾಣಗಾವದ ಪರಿಷತ್ತಿನಲ್ಲಿ ಶಾಹೂ ಮಹಾರಾಜರೊಂದಿಗೆ ವೇದಿಕೆಯಲ್ಲಿದ್ದರು. ಅದೇ ವರ್ಷ ಮಹಾರಾಜರ ನೆರವು, ಗೆಳೆಯರ ಸಾಲ, ಸ್ವಂತ ಉಳಿತಾಯ ಕೂಡಿಸಿಕೊಂಡು ಲಂಡನ್ನಿಗೆ ಮರಳಿದರು.

ಏಜೆಂಟರ ಬಗ್ಗೆ ಎರಡು ಮಾತು. ಅವರಿಗೆ ಅನೇಕ ವಿಶ್ವವಿದ್ಯಾಲಯಗಳು ಕಮಿಷನ್ ಕೊಡುತ್ತವೆ, ಕಮಿಷನ್ ಇರುವ ಕಡೆಗೇ ಮಕ್ಕಳನ್ನು ಕಳಿಸುವ ಮನಸ್ಸು ಸಹಜ. 2023ರಲ್ಲಿ ಪಂಜಾಬದಿಂದ ಕೆನಡಾಕ್ಕೆ ಹೋದ ನೂರಾರು ವಿದ್ಯಾರ್ಥಿಗಳ ಪ್ರವೇಶಪತ್ರಗಳೇ ನಕಲಿ ಎಂದು ವರ್ಷಗಳ ಮೇಲೆ ಗೊತ್ತಾಗಿ, ದೇಶ ಬಿಡಿಸುವ ನೋಟೀಸು ಬಂದದ್ದು ಪೇಪರಿನಲ್ಲಿ ಓದಿದ್ದೀರಿ. ಆದ್ದರಿಂದ ಅರ್ಜಿಯ ಈಮೇಲ್ ಮತ್ತು ಪಾಸ್‌ವರ್ಡ್ ಮಗುವಿನ ಕೈಯಲ್ಲೇ ಇರಲಿ, ಪ್ರವೇಶಪತ್ರ ಬಂದ ಮೇಲೆ ವಿಶ್ವವಿದ್ಯಾಲಯಕ್ಕೆ ನೇರ ಬರೆದು ಖಾತ್ರಿ ಮಾಡಿಕೊಳ್ಳಿ, ಫೀ ವಿಶ್ವವಿದ್ಯಾಲಯದ ಖಾತೆಗೇ ಹೋಗಲಿ. ಮೂಲ ಅಂಕಪಟ್ಟಿಯನ್ನು ಯಾರ ಕಚೇರಿಯಲ್ಲೂ ಬಿಡಬೇಡಿ.

ಸಂಘದ ವಾಚನಾಲಯದಲ್ಲಿ ಪ್ರತಿ ತಿಂಗಳ ಎರಡನೇ ರವಿವಾರ ಮುಂಜಾನೆ ಹತ್ತರಿಂದ ಒಂದರವರೆಗೆ ಕಾಗದಪತ್ರ ನೋಡಿಕೊಡುತ್ತೇವೆ. ಶುಲ್ಕವಿಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಸದಸ್ಯರು ಹಿಂದಿನ ದಿನ ಫೋನ್ ಮಾಡಿ ಬರಬೇಕು. ಮಗುವಿನ ಜನ್ಮ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ, ಹತ್ತನೆಯಿಂದ ಇಲ್ಲಿಯವರೆಗಿನ ಅಂಕಪಟ್ಟಿ, ಮೂರೂ ಜನರ ಆಧಾರ, ಪಾಸ್‌ಪೋರ್ಟ್ ಇದ್ದರೆ ಅದು, ಮನೆ-ಜಾಗದ ಉತಾರೆ, ಇವುಗಳ ಮೂಲ ಮತ್ತು ಎರಡೆರಡು ಝರಾಕ್ಸ್ ತನ್ನಿರಿ. ಮೂಲ ನೋಡಿ ಅಲ್ಲೇ ವಾಪಸು ಕೊಡುತ್ತೇವೆ. ಮೋಡಿ ಓದಬಲ್ಲ ಹಿರಿಯ ಸದಸ್ಯರು ಯಾರಾದರೂ ಇದ್ದರೆ ದಯವಿಟ್ಟು ಹೆಸರು ತಿಳಿಸಿರಿ, ಎರಡು ಮನೆಯವರು ಕಾಯುತ್ತಿದ್ದಾರೆ.

— ಕಾರ್ಯದರ್ಶಿ, ಸಂಘದ ಪರವಾಗಿ